ಗಾಮಾ ಟೊಕೊಫೆರಾಲ್: ಎಳ್ಳು, ಅಗಸೆ, ಸೋಯಾದಲ್ಲಿರುವ ವಿಟಮಿನ್ ಇ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿಟಮಿನ್ ಇ ಅಂದ ಕೂಡಲೇ ಎಲ್ಲರೂ ಹೇಳುವುದು ಆಲ್ಫಾ ಟೊಕೊಫೆರಾಲ್ ಹೆಸರನ್ನೇ. ಆದರೆ ಎಷ್ಟೋ ಎಣ್ಣೆಕಾಳುಗಳಲ್ಲಿ ಜಾಸ್ತಿ ಇರುವುದು ಗಾಮಾ ಟೊಕೊಫೆರಾಲ್. ಇದರ ಬಗ್ಗೆ ಕಾಲೇಜು ವಿದ್ಯಾರ್ಥಿಗಳು, ಗಾಣದ ಎಣ್ಣೆ ಮಾಡುವವರು, ಮನೆಗೆ ಎಣ್ಣೆ ಆರಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು ಬರುತ್ತವೆ, ರಸಾಯನಶಾಸ್ತ್ರ ಜಾಸ್ತಿ ಇರುವವು ಆಮೇಲೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಮೊದಲು ಪರಿಚಯ

ವಿಟಮಿನ್ ಇ ಅಂದ್ರೆ ಒಂದೇ ವಸ್ತು ಅಲ್ವಾ? ಆಲ್ಫಾ, ಗಾಮಾ ಅಂತೆಲ್ಲ ಯಾಕೆ?

ಒಂದೇ ಅಲ್ಲ, ಎಂಟು. ನಾಲ್ಕು ಟೊಕೊಫೆರಾಲ್‌ಗಳು, ನಾಲ್ಕು ಟೊಕೊಟ್ರೈಯೀನಾಲ್‌ಗಳು. ಎರಡು ಗುಂಪಿನಲ್ಲೂ ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಅಂತ ನಾಲ್ಕು ನಾಲ್ಕು ಇವೆ. ಎಂಟಕ್ಕೂ ಒಂದೇ ಮೈಕಟ್ಟು: ಒಂದು ತಲೆ, ಒಂದು ಉದ್ದ ಬಾಲ. ತಲೆಯಲ್ಲಿ ಎರಡು ಉಂಗುರಗಳು ಅಂಟಿಕೊಂಡಿರುತ್ತವೆ. ಇದಕ್ಕೆ ಕ್ರೋಮನ್ ಅನ್ನುತ್ತಾರೆ. ಬಾಲದಲ್ಲಿ ಇಂಗಾಲದ ಸರಪಳಿ. ಟೊಕೊಟ್ರೈಯೀನಾಲ್‌ಗಳ ಬಾಲದಲ್ಲಿ ಮೂರು ಜೋಡಿಬಂಧಗಳಿವೆ, ಟೊಕೊಫೆರಾಲ್‌ಗಳಲ್ಲಿ ಅವಿಲ್ಲ. ಅಕ್ಕಿ ತೌಡಿನ ಎಣ್ಣೆ ಮತ್ತು ತಾಳೆ ಎಣ್ಣೆಯಲ್ಲಿ ಟೊಕೊಟ್ರೈಯೀನಾಲ್ ಚೆನ್ನಾಗಿ ಸಿಗುತ್ತದೆ. ಈ ಪುಟದಲ್ಲಿ ಅವುಗಳ ತಂಟೆಗೆ ಹೋಗುವುದಿಲ್ಲ.

ಆಲ್ಫಾಗೂ ಗಾಮಾಗೂ ನಿಜವಾದ ವ್ಯತ್ಯಾಸ ಎಷ್ಟು?

ಒಂದೇ ಒಂದು ಮಿಥೈಲ್ ಗುಂಪು. ಅಂದರೆ ಒಂದು ಇಂಗಾಲ, ಅದಕ್ಕೆ ಮೂರು ಜಲಜನಕ.

ತಲೆಯ ಉಂಗುರದಲ್ಲಿ ಜಾಗಗಳಿಗೆ ನಂಬರ್ ಕೊಟ್ಟಿದ್ದಾರೆ. 6ನೇ ಜಾಗದಲ್ಲಿ ಹೈಡ್ರಾಕ್ಸಿಲ್ ಗುಂಪು ಇದೆ. ಎಂಟು ಅಣುಗಳಲ್ಲೂ ಇದು ಇರಲೇಬೇಕು, ಕೆಲಸ ಮಾಡುವುದೇ ಇದು. ಉಳಿದ 5, 7, 8ನೇ ಜಾಗಗಳಲ್ಲಿ ಮಿಥೈಲ್ ಇರಬಹುದು, ಇಲ್ಲದೆಯೂ ಇರಬಹುದು. ಆಲ್ಫಾದಲ್ಲಿ ಮೂರೂ ಭರ್ತಿ. ಗಾಮಾದಲ್ಲಿ 7 ಮತ್ತು 8 ಭರ್ತಿ, 5 ಖಾಲಿ. ಬೀಟಾದಲ್ಲಿ 5 ಮತ್ತು 8. ಡೆಲ್ಟಾದಲ್ಲಿ 8 ಮಾತ್ರ. ಗಾಮಾ ಅಣುವಿನಲ್ಲಿ 28 ಇಂಗಾಲ, 48 ಜಲಜನಕ, 2 ಆಮ್ಲಜನಕ ಇವೆ. ಅಣುತೂಕ ಸುಮಾರು 416.7. ಆಲ್ಫಾದ್ದು 430.7.

ಆ ಖಾಲಿ 5ನೇ ಜಾಗವನ್ನು ದಯವಿಟ್ಟು ನೆನಪಿಡಿ. ಲಿವರ್ ಗಾಮಾವನ್ನು ಯಾಕೆ ಹೊರಗೆ ಕಳಿಸುತ್ತದೆ, ಎಣ್ಣೆ ಯಾಕೆ ಕೆಂಪಾಗುತ್ತದೆ, ಕಾರ್ಖಾನೆಗೆ ಇದು ಯಾಕೆ ಬೇಕು, ಎಲ್ಲಕ್ಕೂ ಹೇಗೋ ಅದೇ ಜಾಗ ಕಾರಣವಾಗುತ್ತದೆ. ಗಾಮಾವನ್ನು ‘ಅರ್ಧಂಬರ್ಧ ಆಲ್ಫಾ’ ಅಂತ ನೋಡುವವರೂ ಇದ್ದಾರೆ, ‘ಕಂಪನಿಗಳು ಮುಚ್ಚಿಟ್ಟ ಅಸಲಿ ವಿಟಮಿನ್ ಇ’ ಅನ್ನುವವರೂ ಇದ್ದಾರೆ. ನನ್ನ ಮಟ್ಟಿಗೆ ಎರಡೂ ತಪ್ಪು. ಇದು ಬೇರೆಯೇ ಸ್ವಭಾವದ ಅಣು.

ನೋಡೋಕೆ ಹೇಗಿರುತ್ತೆ? ನೀರಲ್ಲಿ ಕರಗುತ್ತಾ?

ಶುದ್ಧ ಮಾಡಿದ ಗಾಮಾ ಟೊಕೊಫೆರಾಲ್ ತೆಳು ಹಳದಿ ಬಣ್ಣದ ಅಂಟಂಟು ಎಣ್ಣೆ. ನೀರಿನಲ್ಲಿ ಕರಗುವುದಿಲ್ಲ. ಎಣ್ಣೆ, ಆಲ್ಕೊಹಾಲ್, ಹೆಕ್ಸೇನ್‌ನಲ್ಲಿ ಕರಗುತ್ತದೆ. ಬೆಳಕು ಮತ್ತು ಗಾಳಿ ತಾಗಿದರೆ ಬಣ್ಣ ಗಾಢವಾಗುತ್ತಾ ಹೋಗುತ್ತದೆ.

ಯಾವ ಎಣ್ಣೆಯಲ್ಲಿ ಜಾಸ್ತಿ ಇದೆ?

ಎಳ್ಳೆಣ್ಣೆಯ ಟೊಕೊಫೆರಾಲ್ ಬಹುತೇಕ ಪೂರ್ತಿ ಗಾಮಾವೇ. ಆಲ್ಫಾ ತೀರಾ ಕಡಿಮೆ. ಸೋಯಾ ಎಣ್ಣೆಯ 100 ಗ್ರಾಂನಲ್ಲಿ ಸುಮಾರು 60 ಮಿಲಿಗ್ರಾಂ ಗಾಮಾ ಇದ್ದರೆ, ಆಲ್ಫಾ 10 ಮಿಲಿಗ್ರಾಂ ಆಸುಪಾಸು. ಮೆಕ್ಕೆಜೋಳದ ಎಣ್ಣೆಯಲ್ಲೂ ಗಾಮಾದ್ದೇ ಮೇಲುಗೈ. ಅಗಸೆ ಬೀಜದಲ್ಲಿ 100 ಗ್ರಾಂಗೆ ಸುಮಾರು 20 ಮಿಲಿಗ್ರಾಂ ಗಾಮಾ ಇದೆ, ಆಲ್ಫಾ ಇಲ್ಲವೆನ್ನುವಷ್ಟು ಕಡಿಮೆ. ಉತ್ತರ ಕರ್ನಾಟಕದಲ್ಲಿ ರೊಟ್ಟಿ ಜೊತೆ ಅಗಸಿ ಚಟ್ನಿ ತಿನ್ನುವವರಿಗೆ ಸಿಗುವ ವಿಟಮಿನ್ ಇ ಇದೇ. ಅಕ್ರೋಟು, ಪಿಸ್ತಾದಲ್ಲೂ ಗಾಮಾವೇ ಮುಖ್ಯ.

ಸೂರ್ಯಕಾಂತಿ ಎಣ್ಣೆ ಮತ್ತು ಕುಸುಬೆ ಎಣ್ಣೆಯ ಕಥೆ ಉಲ್ಟಾ. ಅಲ್ಲಿ ಆಲ್ಫಾ ರಾಜ್ಯ. ಸೂರ್ಯಕಾಂತಿ ಎಣ್ಣೆಯಲ್ಲಿ 100 ಗ್ರಾಂಗೆ ಸುಮಾರು 40 ಮಿಲಿಗ್ರಾಂ ಆಲ್ಫಾ, 5 ಮಿಲಿಗ್ರಾಂ ಗಾಮಾ. ಬಾದಾಮಿಯೂ ಆಲ್ಫಾ ಕಡೆಯೇ. ಕಡಲೆಕಾಯಿ ಎಣ್ಣೆಯಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಕೊಬ್ಬರಿ ಎಣ್ಣೆಯಲ್ಲಿ ಯಾವ ಟೊಕೊಫೆರಾಲೂ ಹೇಳಿಕೊಳ್ಳುವಷ್ಟಿಲ್ಲ. ಅದು ಬೇಗ ಕೆಡದಿರುವುದಕ್ಕೆ ಅದರ ಸ್ಯಾಚುರೇಟೆಡ್ ಕೊಬ್ಬು ಕಾರಣ. ತಳಿ, ಹವೆ, ಎಣ್ಣೆ ತೆಗೆದ ರೀತಿ ನೋಡಿಕೊಂಡು ಈ ಅಂಕಿಗಳು ಮೇಲೆ ಕೆಳಗೆ ಆಗುತ್ತವೆ.

ಇದನ್ನ ಮೊದಲು ಕಂಡುಹಿಡಿದವರು ಯಾರು?

1922ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರೀನ್ ಸ್ಕಾಟ್ ಬಿಷಪ್ ಒಂದು ವಿಚಿತ್ರ ಗಮನಿಸಿದರು. ಒಂದು ಬಗೆಯ ಆಹಾರ ತಿಂದ ಹೆಣ್ಣು ಇಲಿಗಳು ಗರ್ಭ ಧರಿಸುತ್ತಿದ್ದವು, ಆದರೆ ಮರಿಗಳು ಹೊಟ್ಟೆಯಲ್ಲೇ ಸಾಯುತ್ತಿದ್ದವು. ಸೊಪ್ಪು ಅಥವಾ ಗೋಧಿ ಮೊಳಕೆಯ ಭಾಗ ಕೊಟ್ಟರೆ ಸರಿಹೋಗುತ್ತಿತ್ತು. ಆ ಕಾಣದ ಅಂಶವೇ ವಿಟಮಿನ್ ಇ. 1936ರಲ್ಲಿ ಇವಾನ್ಸ್, ಆಲಿವರ್ ಎಮರ್ಸನ್, ಗ್ಲಾಡಿಸ್ ಎಮರ್ಸನ್ ಗೋಧಿ ಮೊಳಕೆಯ ಎಣ್ಣೆಯಿಂದ ಆಲ್ಫಾವನ್ನು ಬೇರ್ಪಡಿಸಿದರು. ಮರುವರ್ಷ ಅದೇ ಗುಂಪು ಹತ್ತಿಬೀಜದ ಎಣ್ಣೆಯಿಂದ ಗಾಮಾವನ್ನು ತೆಗೆಯಿತು.

ಗಾಮಾಗೆ ‘ಕಡಿಮೆ ದರ್ಜೆ’ ಅನ್ನುವ ಹೆಸರು ಅಂಟಿದ್ದೂ ಈ ಇಲಿ ಪರೀಕ್ಷೆಯಿಂದಲೇ. ಗರ್ಭ ಉಳಿಸುವ ಕೆಲಸದಲ್ಲಿ ಅದಕ್ಕೆ ಆಲ್ಫಾದ ಹತ್ತನೇ ಒಂದು ಭಾಗದಷ್ಟು ಅಂಕ ಸಿಕ್ಕಿತು. ಪರೀಕ್ಷೆ ಸರಿಯಾಗಿಯೇ ಇತ್ತು. ಆದರೆ ಅದು ಅಳೆದಿದ್ದು ಒಂದೇ ಕೆಲಸವನ್ನು.

## ಎಣ್ಣೆ ಮತ್ತು ಅಡುಗೆಮನೆ

ಎಣ್ಣೆ ಕಮಟು ವಾಸನೆ ಬರೋದನ್ನ ಇದು ಹೇಗೆ ತಡೆಯುತ್ತೆ?

ಮೊದಲು ಕಮಟಾಗುವುದು ಹೇಗೆ ಅಂತ ನೋಡೋಣ. ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಜೋಡಿಬಂಧಗಳ ಪಕ್ಕದಲ್ಲಿರುವ ಜಲಜನಕ ಸಡಿಲವಾಗಿರುತ್ತದೆ. ಬೆಳಕು, ಬಿಸಿ ಅಥವಾ ಲೋಹದ ಕಣ ತಾಗಿ ಅದೊಂದು ಕಳಚಿತು ಅಂದುಕೊಳ್ಳಿ. ಅಲ್ಲಿ ಒಂಟಿ ಎಲೆಕ್ಟ್ರಾನ್ ಉಳಿಯುತ್ತದೆ. ಇದೇ ರ್ಯಾಡಿಕಲ್. ಗಾಳಿಯ ಆಮ್ಲಜನಕ ಕೂಡಲೇ ಬಂದು ಸೇರಿ ಪೆರಾಕ್ಸಿಲ್ ರ್ಯಾಡಿಕಲ್ ಆಗುತ್ತದೆ. ಅದು ಪಕ್ಕದ ಕೊಬ್ಬಿನಿಂದ ಜಲಜನಕ ಕಿತ್ತುಕೊಳ್ಳುತ್ತದೆ. ಈಗ ಆ ಪಕ್ಕದ್ದು ರ್ಯಾಡಿಕಲ್. ಹೀಗೆ ಒಂದರಿಂದ ಒಂದಕ್ಕೆ ಸಾಗುತ್ತಲೇ ಇರುತ್ತದೆ. ಕೊನೆಗೆ ಸರಪಳಿಗಳು ಮುರಿದು ಹೆಕ್ಸನಾಲ್‌ನಂಥ ಚಿಕ್ಕ ಆಲ್ಡಿಹೈಡ್‌ಗಳು ಹುಟ್ಟುತ್ತವೆ. ಮೂಗಿಗೆ ಬಡಿಯುವುದು ಅವೇ.

ಟೊಕೊಫೆರಾಲ್ ನಡುವೆ ನುಗ್ಗಿ ತನ್ನ 6ನೇ ಜಾಗದ ಹೈಡ್ರಾಕ್ಸಿಲ್‌ನ ಜಲಜನಕವನ್ನು ಕೊಟ್ಟುಬಿಡುತ್ತದೆ. ಪೆರಾಕ್ಸಿಲ್ ರ್ಯಾಡಿಕಲ್‌ಗೆ ಕೊಬ್ಬಿಗಿಂತ ಟೊಕೊಫೆರಾಲ್ ಜೊತೆಗಿನ ಕ್ರಿಯೆ ಸಾವಿರಾರು ಪಟ್ಟು ವೇಗ. ಹಾಗಾಗಿ ಸಾವಿರಾರು ಕೊಬ್ಬಿನ ಅಣುಗಳ ನಡುವೆ ಒಂದೇ ಒಂದು ಟೊಕೊಫೆರಾಲ್ ಇದ್ದರೂ ಕೆಲಸ ನಡೆಯುತ್ತದೆ. ಜಲಜನಕ ಕೊಟ್ಟ ಮೇಲೆ ಟೊಕೊಫೆರಾಲೂ ರ್ಯಾಡಿಕಲ್ ಆಗುತ್ತದೆ, ನಿಜ. ಆದರೆ ಆ ಒಂಟಿ ಎಲೆಕ್ಟ್ರಾನ್ ಇಡೀ ಉಂಗುರದ ಮೇಲೆ ಹರಡಿಕೊಳ್ಳುವುದರಿಂದ ಅದು ಸುಮ್ನೆ ಇರುತ್ತದೆ, ಕೊಬ್ಬಿನ ತಂಟೆಗೆ ಹೋಗುವುದಿಲ್ಲ. ಇನ್ನೊಂದು ಪೆರಾಕ್ಸಿಲ್ ಸಿಕ್ಕಿದರೆ ಅದರ ಜೊತೆ ಸೇರಿ ಅದನ್ನೂ ಮುಗಿಸುತ್ತದೆ. ಒಂದು ಅಣುವಿಗೆ ಎರಡು ರ್ಯಾಡಿಕಲ್, ಇದು ಲೆಕ್ಕ.

ಟೊಕೊಫೆರಾಲ್ ಖರ್ಚಾಗುವವರೆಗೆ ಎಣ್ಣೆ ಚೆನ್ನಾಗಿಯೇ ಕಾಣುತ್ತದೆ. ಖರ್ಚಾದ ಮೇಲೆ ಕೆಡುವ ವೇಗ ಒಮ್ಮೆಲೇ ಏರುತ್ತದೆ. ‘ಮೊನ್ನೆ ಚೆನ್ನಾಗಿತ್ತು, ಇವತ್ತು ವಾಸನೆ’ ಅಂತ ಅನಿಸುವುದು ಇದಕ್ಕೇ.

ಕಾಯಿಸಿದ್ರೆ ಎಲ್ಲಾ ಹೋಗಿಬಿಡುತ್ತಾ? ಗಾಣದ ಎಣ್ಣೇಲಿ ಜಾಸ್ತಿ ಇರುತ್ತಾ?

ಒಗ್ಗರಣೆ ಹಾಕುವಷ್ಟು ಹೊತ್ತಿಗೆ ಎಲ್ಲಾ ಹೋಗುವುದಿಲ್ಲ. ಅದೇ ಎಣ್ಣೆಯಲ್ಲಿ ಮತ್ತೆ ಮತ್ತೆ ಬಜ್ಜಿ, ಬೋಂಡಾ ಕರಿದರೆ ಮಾತ್ರ ಟೊಕೊಫೆರಾಲ್ ವೇಗವಾಗಿ ಕರಗುತ್ತಾ ಹೋಗುತ್ತದೆ. ಆಲ್ಫಾ ಸಾಮಾನ್ಯವಾಗಿ ಮೊದಲು ಮುಗಿಯುತ್ತದೆ, ಗಾಮಾ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತದೆ.

ಎಣ್ಣೆ ರಿಫೈನ್ ಮಾಡುವಾಗ ವಾಸನೆ ತೆಗೆಯುವ ಹಂತ ಒಂದಿದೆ. ನಿರ್ವಾತದಲ್ಲಿ 200 ಡಿಗ್ರಿಗೂ ಮೇಲೆ ಕಾಯಿಸಿ ಹಬೆ ಹಾಯಿಸುತ್ತಾರೆ. ಆಗ ಟೊಕೊಫೆರಾಲ್‌ನ ಒಂದು ಭಾಗ ಹಬೆಯ ಜೊತೆ ಹೊರಟುಹೋಗುತ್ತದೆ. ಗಾಣದ ಎಣ್ಣೆಯಲ್ಲಿ ಈ ನಷ್ಟ ಇಲ್ಲ. ಆದರೆ ಗಾಣದ ಎಣ್ಣೆಯಲ್ಲಿ ಕಬ್ಬಿಣ, ತಾಮ್ರದ ಸೂಕ್ಷ್ಮ ಅಂಶ, ಬಿಡಿ ಕೊಬ್ಬಿನಾಮ್ಲ, ಕಾಳಿನ ಪುಡಿ ಉಳಿದಿರುತ್ತವೆ, ಅವು ಎಣ್ಣೆಯನ್ನು ಬೇಗ ಕೆಡಿಸುತ್ತವೆ. ಟೊಕೊಫೆರಾಲ್ ಜಾಸ್ತಿ ಇದೆ ಅಂದ ಮಾತ್ರಕ್ಕೆ ಜಾಸ್ತಿ ದಿನ ಬಾಳುತ್ತದೆ ಅಂತಲ್ಲ. ಕಡಿಮೆ ಕೊಳ್ಳಿ, ಮುಚ್ಚಳ ಬಿಗಿ ಮಾಡಿ, ಕತ್ತಲಲ್ಲಿಡಿ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಎಣ್ಣೆ ಖಂಡಿತ ಇಡಬೇಡಿ. ತಾಮ್ರ ರ್ಯಾಡಿಕಲ್ ಹುಟ್ಟಿಸುವುದರಲ್ಲಿ ಬಲು ಚುರುಕು.

ಪ್ಯಾಕೆಟ್ ಮೇಲೆ ‘ಐಎನ್‌ಎಸ್ 307ಬಿ’ ಅಂತ ಇದೆ. ಕೆಮಿಕಲ್ ಹಾಕಿದ್ದಾರಾ?

ಐಎನ್‌ಎಸ್ ಅಂದರೆ ಆಹಾರಕ್ಕೆ ಸೇರಿಸುವ ಪದಾರ್ಥಗಳಿಗೆ ಕೊಟ್ಟಿರುವ ಅಂತರರಾಷ್ಟ್ರೀಯ ನಂಬರ್. 307ಬಿ ಅಂದರೆ ಮಿಶ್ರ ಟೊಕೊಫೆರಾಲ್. ಸಾಮಾನ್ಯವಾಗಿ ಸೋಯಾದಿಂದ ಬಂದಿರುತ್ತದೆ, ಅದರಲ್ಲಿ ಗಾಮಾದ್ದೇ ದೊಡ್ಡ ಪಾಲು. ಯುರೋಪಿನಲ್ಲಿ ಬರೀ ಗಾಮಾಗೆ ಇ 308 ಅನ್ನುವ ನಂಬರ್ ಇದೆ. ತಿನಿಸು ಕಮಟಾಗದಿರಲಿ ಅಂತ ಹಾಕುತ್ತಾರೆ, ಹೆದರುವಂಥದ್ದಲ್ಲ. 319 ಅಂತ ಇದ್ದರೆ ಅದು ಟಿಬಿಎಚ್‌ಕ್ಯೂ ಅನ್ನುವ ಕೃತಕ ಸಂರಕ್ಷಕ, ಬೇರೆಯೇ ಪದಾರ್ಥ.

ಸೋಯಾ ಎಣ್ಣೆ ಇಟ್ಟಷ್ಟೂ ಕೆಂಪಾಗುತ್ತೆ ಅಂತಾರೆ. ಹೌದಾ?

ರಿಫೈನ್ ಮಾಡಿ ತಿಳಿಯಾದ ಎಣ್ಣೆ ಕೆಲವೊಮ್ಮೆ ಮತ್ತೆ ಬಣ್ಣ ಕಟ್ಟುತ್ತದೆ. ಎಣ್ಣೆ ಉದ್ಯಮಕ್ಕೆ ಇದು ಹಳೆಯ ತಲೆನೋವು. ಗಾಮಾದ 5ನೇ ಜಾಗ ಖಾಲಿ ಇರುವುದರಿಂದ ಆಮ್ಲಜನಕ ಅಲ್ಲಿಗೇ ಬಂದು ಕೂರುತ್ತದೆ. 5 ಮತ್ತು 6, ಎರಡೂ ಜಾಗದಲ್ಲಿ ಆಮ್ಲಜನಕವಿರುವ ಕ್ವಿನೋನ್ ಆಗುತ್ತದೆ. ಇದರ ಹೆಸರು ಟೊಕೊರೆಡ್, ಬಣ್ಣ ಕಡು ಕೆಂಪು. ಸ್ವಲ್ಪವೇ ಸಾಕು, ಕಣ್ಣಿಗೆ ಕಾಣುತ್ತದೆ.

ಲ್ಯಾಬಲ್ಲಿ ಎಳ್ಳೆಣ್ಣೆಗೆ ಗುಲಾಬಿ ಬಣ್ಣ ಬರೋದೂ ಇದರಿಂದನಾ?

ಅಲ್ಲ. ಅದು ಬೌಡೌಯಿನ್ ಪರೀಕ್ಷೆ. ಫರ್ಫ್ಯುರಾಲ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಸೇರಿ ಎಳ್ಳಿನ ಸೆಸಮಾಲ್ ಜೊತೆ ಕೊಡುವ ಬಣ್ಣ. ಭಾರತದಲ್ಲಿ ವನಸ್ಪತಿಗೆ ಕನಿಷ್ಠ ಶೇ 5 ಎಳ್ಳೆಣ್ಣೆ ಸೇರಿಸಬೇಕು ಅನ್ನುವ ನಿಯಮ ಬಂದಿದ್ದೇ ಇದಕ್ಕೆ. ತುಪ್ಪಕ್ಕೆ ವನಸ್ಪತಿ ಬೆರೆಸಿದರೆ ಗುಲಾಬಿ ಬಣ್ಣ ಬಂದು ಸಿಕ್ಕಿಬೀಳುತ್ತಾರೆ.

## ಮೈಯೊಳಗೆ ಹೋದ ಮೇಲೆ

ಅಷ್ಟೊಂದು ಗಾಮಾ ತಿಂತೀವಿ, ರಕ್ತದಲ್ಲಿ ಮಾತ್ರ ಆಲ್ಫಾನೇ ಜಾಸ್ತಿ ಯಾಕೆ?

ಕರುಳು ಎರಡನ್ನೂ ಹೆಚ್ಚುಕಡಿಮೆ ಒಂದೇ ರೀತಿ ಹೀರಿಕೊಳ್ಳುತ್ತದೆ. ಆರಿಸುವುದು ಲಿವರ್. ಅಲ್ಲಿ ಆಲ್ಫಾ ಟೊಕೊಫೆರಾಲ್ ಟ್ರಾನ್ಸ್‌ಫರ್ ಪ್ರೋಟೀನ್ ಅಂತ ಒಂದಿದೆ. ಆಲ್ಫಾವನ್ನು ಅದು ಹಿಡಿಯುವ ಬಿಗಿ 100 ಅಂತಿಟ್ಟುಕೊಂಡರೆ, ಬೀಟಾಗೆ 38, ಗಾಮಾಗೆ 9, ಡೆಲ್ಟಾಗೆ 2. ಹಿಡಿದದ್ದನ್ನು ಅದು ರಕ್ತಕ್ಕೆ ವಾಪಸ್ ಕಳಿಸುತ್ತದೆ. ಉಳಿದದ್ದು ವಿಲೇವಾರಿಗೆ ಹೋಗುತ್ತದೆ.

ಈ ಪ್ರೋಟೀನಿನ ಜೀನ್ ಹುಟ್ಟಿನಿಂದಲೇ ಕೆಟ್ಟಿರುವ ಜನರಿದ್ದಾರೆ. ಅವರ ಲಿವರ್ ಆಲ್ಫಾವನ್ನು ಉಳಿಸಿಕೊಳ್ಳಲಾರದು. ನರಗಳು ಸೋತು ನಡಿಗೆ ತೂರಾಡುತ್ತದೆ. ಆಲ್ಫಾವನ್ನು ದೊಡ್ಡ ಪ್ರಮಾಣದಲ್ಲಿ ಕೊಡುವುದೇ ಚಿಕಿತ್ಸೆ. ಇದಕ್ಕೇ 2000ನೇ ಇಸವಿಯಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ದಿನದ ಅಗತ್ಯ 15 ಮಿಲಿಗ್ರಾಂ ಅಂತ ಹೇಳುವಾಗ ಆಲ್ಫಾವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿತು. ಆಲ್ಫಾದ ಜಾಗವನ್ನು ಗಾಮಾ ತುಂಬಲಾರದು. ಗಾಮಾವನ್ನು ಮೆಚ್ಚುವ ನಾನೂ ಇದನ್ನು ಒಪ್ಪಲೇಬೇಕು.

ಹಾಗಾದ್ರೆ ತಿಂದ ಗಾಮಾ ದಂಡ ಅಲ್ವಾ?

ದಂಡ ಅನ್ನಲಾಗದು. ಲಿವರಿನ ಸಿವೈಪಿ4ಎಫ್2 ಅನ್ನುವ ಕಿಣ್ವ ಬಾಲದ ತುದಿಗೆ ಒಂದು ಹೈಡ್ರಾಕ್ಸಿಲ್ ಸೇರಿಸುತ್ತದೆ. ಆಮೇಲೆ ಕೊಬ್ಬನ್ನು ಒಡೆಯುವ ರೀತಿಯಲ್ಲೇ ಬಾಲ ತುಂಡು ತುಂಡಾಗಿ ಕತ್ತರಿಸಿ ಹೋಗುತ್ತದೆ. ತಲೆ ಮಾತ್ರ ಹಾಗೇ ಉಳಿದು, ಪುಟ್ಟ ಬಾಲದ ತುದಿಯಲ್ಲಿ ಆಮ್ಲದ ಗುಂಪು ಬರುತ್ತದೆ. ಇದೇ ಗಾಮಾ ಸಿಇಎಚ್‌ಸಿ. ನೀರಿನಲ್ಲಿ ಕರಗುತ್ತದೆ, ಮೂತ್ರದಲ್ಲಿ ಹೊರಹೋಗುತ್ತದೆ.

ಸ್ವಾರಸ್ಯ ಇರುವುದು ಇಲ್ಲಿ. ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಮೂತ್ರದ ಮೂಲಕ ಸೋಡಿಯಂ ಹೊರಹಾಕಿಸುವ ಅಂಶ ಯಾವುದು ಅಂತ ಹುಡುಕುತ್ತಿದ್ದರು. ಸಿಕ್ಕಿದ್ದಕ್ಕೆ ಎಲ್ಎಲ್‌ಯು ಆಲ್ಫಾ ಅಂತ ಹೆಸರಿಟ್ಟರು. 1996ರಲ್ಲಿ ಅದರ ರಚನೆ ಪ್ರಕಟವಾಯಿತು. ನೋಡಿದರೆ ಅದು ಗಾಮಾ ಸಿಇಎಚ್‌ಸಿಯೇ! ಇನ್ನು 2000ದಲ್ಲಿ ಬರ್ಕ್ಲಿಯ ಗುಂಪೊಂದು, ಗಾಮಾ ಮತ್ತು ಅದರ ಸಿಇಎಚ್‌ಸಿ ಎರಡೂ ಜೀವಕೋಶಗಳಲ್ಲಿ ಉರಿಯೂತ ಹೆಚ್ಚಿಸುವ ಪ್ರೋಸ್ಟಗ್ಲಾಂಡಿನ್ ಉತ್ಪಾದನೆಯನ್ನು ತಗ್ಗಿಸುತ್ತವೆ ಅಂತ ತೋರಿಸಿತು. ಆಲ್ಫಾಗೆ ಆ ಗುಣ ಅಷ್ಟಾಗಿ ಇರಲಿಲ್ಲ. ಇವು ಜೀವಕೋಶ ಮತ್ತು ಪ್ರಾಣಿಗಳ ಮಟ್ಟದ ಸಂಗತಿಗಳು, ಔಷಧ ಅಂತ ಸಾಬೀತಾಗಿಲ್ಲ.

ಎಳ್ಳು ತಿಂದ್ರೆ ಮೈಯಲ್ಲಿ ಗಾಮಾ ಜಾಸ್ತಿ ಉಳಿಯುತ್ತೆ ಅನ್ನೋದು ನಿಜಾನಾ?

ನಿಜ. ಎಳ್ಳಿನಲ್ಲಿ ಸೆಸಮಿನ್ ಅನ್ನುವ ಇನ್ನೊಂದು ಪದಾರ್ಥ ಇದೆ. ಗಾಮಾದ ಬಾಲ ಕತ್ತರಿಸಲು ಶುರುಮಾಡುವ ಲಿವರಿನ ಕಿಣ್ವಕ್ಕೆ ಅದು ಅಡ್ಡಿಯಾಗುತ್ತದೆ. ಹಾಗಾಗಿ ಗಾಮಾ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಅಷ್ಟೇ ಗಾಮಾವನ್ನು ಅಕ್ರೋಟಿನಿಂದಲೋ ಸೋಯಾ ಎಣ್ಣೆಯಿಂದಲೋ ಕೊಟ್ಟರೆ ಈ ಏರಿಕೆ ಕಾಣಲಿಲ್ಲ, ಎಳ್ಳಿನಿಂದ ಕೊಟ್ಟಾಗ ಕಂಡಿತು. ಗಾಮಾವನ್ನೂ ಕೊಟ್ಟು ಅದನ್ನು ಉಳಿಸುವ ಪದಾರ್ಥವನ್ನೂ ಒಂದೇ ಕಾಳು ಕೊಡುವುದು ನನಗೆ ಇವತ್ತಿಗೂ ಬೆರಗು.

ವಿಟಮಿನ್ ಇ ಕ್ಯಾಪ್ಸೂಲ್ ತಗೊಂಡ್ರೆ ಗಾಮಾನೂ ಸಿಗುತ್ತಾ?

ಮೆಡಿಕಲ್ ಶಾಪಿನಲ್ಲಿ ಸಿಗುವ ಕ್ಯಾಪ್ಸೂಲ್‌ಗಳಲ್ಲಿ ಬಹುತೇಕ ಇರುವುದು ಆಲ್ಫಾ ಟೊಕೊಫೆರಿಲ್ ಅಸಿಟೇಟ್. ಗಾಮಾ ಇರುವುದಿಲ್ಲ. ಅಷ್ಟೇ ಅಲ್ಲ, ಆಲ್ಫಾವನ್ನು ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡರೆ ರಕ್ತದ ಗಾಮಾ ಇಳಿಯುತ್ತದೆ. ಇದು 1980ರ ದಶಕದಿಂದಲೇ ಗೊತ್ತು. ಜಾಸ್ತಿ ಆಲ್ಫಾ ಬಂದಾಗ ಲಿವರ್ ಗಾಮಾವನ್ನು ಇನ್ನೂ ವೇಗವಾಗಿ ಹೊರಗೆ ಕಳಿಸುತ್ತದೆ.

ಸುಮ್ನೆ ಕ್ಯಾಪ್ಸೂಲ್ ನುಂಗುವವರಿಗೆ ಒಂದು ಮಾತು. ಅಮೆರಿಕದಲ್ಲಿ ನಡೆಸಿದ ‘ಸೆಲೆಕ್ಟ್’ ಅಧ್ಯಯನದಲ್ಲಿ 35 ಸಾವಿರಕ್ಕೂ ಹೆಚ್ಚು ಗಂಡಸರು ಭಾಗವಹಿಸಿದ್ದರು. ದಿನಕ್ಕೆ 400 ಯೂನಿಟ್ ಆಲ್ಫಾ ಪಡೆದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚು ಕಂಡಿದ್ದು 2011ರಲ್ಲಿ ವರದಿಯಾಯಿತು. ಗಾಮಾ ಇಳಿದಿದ್ದೇ ಇದಕ್ಕೆ ಕಾರಣ ಅಂತ ಕೆಲವರು ಹೇಳುತ್ತಾರೆ. ಅದು ಊಹೆ. ಡಾಕ್ಟರ್ ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಇನ್ನೂ ಹುಷಾರಾಗಿರಬೇಕು.

## ಇನ್ನಷ್ಟು ಆಳಕ್ಕೆ

ಒಂದು ಕಡೆ ಆಲ್ಫಾ ಬಲಶಾಲಿ ಅಂತಿದೆ, ಇನ್ನೊಂದು ಕಡೆ ಗಾಮಾ ಅಂತಿದೆ. ಯಾವುದು ಸರಿ?

ಎರಡೂ ಸರಿ, ಅಳೆದ ಜಾಗ ಬೇರೆ. ಮಿಥೈಲ್ ಗುಂಪುಗಳು ಉಂಗುರದ ಕಡೆಗೆ ಎಲೆಕ್ಟ್ರಾನ್ ತಳ್ಳುತ್ತವೆ. ಮಿಥೈಲ್ ಜಾಸ್ತಿ ಇದ್ದಷ್ಟೂ ಆಮ್ಲಜನಕ–ಜಲಜನಕ ಬಂಧ ಸಡಿಲ, ಜಲಜನಕ ಬೇಗ ಕೊಡುತ್ತದೆ. 1980ರ ದಶಕದಲ್ಲಿ ಕೆನಡಾದ ಬರ್ಟನ್ ಮತ್ತು ಇಂಗೋಲ್ಡ್ ದ್ರಾವಣದಲ್ಲಿ ಅಳೆದಾಗ ಆಲ್ಫಾ ಗಾಮಾಗಿಂತ ಎರಡು ಪಟ್ಟಿಗೂ ಸ್ವಲ್ಪ ಹೆಚ್ಚು ವೇಗ ತೋರಿಸಿತು.

ಡಬ್ಬಿಯಲ್ಲಿಟ್ಟ ಎಣ್ಣೆಯಲ್ಲಿ ವೇಗಕ್ಕಿಂತ ಬಾಳಿಕೆ ಮುಖ್ಯ. ಆಲ್ಫಾ ಬೇಗ ಕೊಟ್ಟು ಬೇಗ ಮುಗಿಯುತ್ತದೆ. ಪ್ರಮಾಣ ಜಾಸ್ತಿಯಾದರೆ ಅದರ ರ್ಯಾಡಿಕಲ್ ಅಡ್ಡ ಕ್ರಿಯೆಗಳಿಗೆ ಇಳಿದು ಎಣ್ಣೆ ಕೆಡಲು ತಾನೇ ಸಹಾಯ ಮಾಡಬಲ್ಲದು. ಗಾಮಾ ನಿಧಾನ. ಜೊತೆಗೆ ಅದರ ಎರಡು ರ್ಯಾಡಿಕಲ್‌ಗಳು ಖಾಲಿ 5ನೇ ಜಾಗದ ಮೂಲಕ ಒಂದಕ್ಕೊಂದು ಸೇರಿ ಜೋಡಿ ಅಣು ಆಗುತ್ತವೆ. ಆ ಜೋಡಿಯಲ್ಲೂ ಹೈಡ್ರಾಕ್ಸಿಲ್ ಉಳಿದಿರುವುದರಿಂದ ಅದು ಮತ್ತೆ ಕೆಲಸಕ್ಕೆ ಬರುತ್ತದೆ.

ನೈಟ್ರೋಜನ್ ಡೈಆಕ್ಸೈಡ್‌ನ ಗಾಮಾ ಹಿಡಿಯುತ್ತೆ, ಆಲ್ಫಾ ಹಿಡಿಯಲ್ಲ ಅಂತಾರಲ್ಲ, ಹೇಗೆ?

ಫೀನಾಲ್‌ನಲ್ಲಿ ಹೈಡ್ರಾಕ್ಸಿಲ್ ಪಕ್ಕದ ಜಾಗಕ್ಕೆ ಎಲೆಕ್ಟ್ರಾನ್ ಜಾಸ್ತಿ ಸಿಗುತ್ತದೆ, ಪಿಯುಸಿಯಲ್ಲಿ ಓದಿರುತ್ತೀರಿ. ಟೊಕೊಫೆರಾಲ್‌ನಲ್ಲಿ ಆ ಪಕ್ಕದ ಜಾಗಗಳು 5 ಮತ್ತು 7. ಆಲ್ಫಾದಲ್ಲಿ ಎರಡೂ ಭರ್ತಿ. ಗಾಮಾದಲ್ಲಿ 5 ಖಾಲಿ, ಹಾಗಾಗಿ ನೈಟ್ರೋ ಗುಂಪು ಅಲ್ಲಿ ಭದ್ರವಾಗಿ ಕೂರುತ್ತದೆ. ಬರುವುದು 5-ನೈಟ್ರೋ ಗಾಮಾ ಟೊಕೊಫೆರಾಲ್. 1990ರ ದಶಕದಲ್ಲಿ ಇದನ್ನು ತೋರಿಸಿದರು. ಆಮೇಲೆ ಮನುಷ್ಯರ ರಕ್ತದಲ್ಲೂ ಈ ಅಣು ಸಿಕ್ಕಿತು, ಸಿಗರೇಟು ಸೇದುವವರಲ್ಲಿ ಜಾಸ್ತಿ. ಹಾನಿ ನಡೆದಿದೆ ಅನ್ನುವ ಗುರುತಾಗಿ ಇದು ಉಪಯುಕ್ತ. ಇದರಿಂದ ಕಾಯಿಲೆ ತಡೆಯಬಹುದು ಅನ್ನುವುದು ಬೇರೆ ಮಾತು, ಅಷ್ಟು ದೂರ ಹೋಗಬಾರದು.

ಗಿಡ ಗಾಮಾದಲ್ಲೇ ನಿಲ್ಲಿಸಿಬಿಡೋದು ಯಾಕೆ?

ಗಿಡ ಹೋಮೊಜೆಂಟಿಸಿಕ್ ಆಮ್ಲದಿಂದ ತಲೆಯನ್ನೂ, ಫೈಟಿಲ್‌ನಿಂದ ಬಾಲವನ್ನೂ ಕೊಟ್ಟು ಟೊಕೊಫೆರಾಲ್ ಕಟ್ಟುತ್ತದೆ. ಕೊನೆಯ ಹಂತದಲ್ಲಿ ಗಾಮಾ ಟೊಕೊಫೆರಾಲ್ ಮಿಥೈಲ್ ಟ್ರಾನ್ಸ್‌ಫರೇಸ್ ಅನ್ನುವ ಕಿಣ್ವ 5ನೇ ಜಾಗಕ್ಕೆ ಮಿಥೈಲ್ ಸೇರಿಸಿದರೆ ಆಲ್ಫಾ ಆಗುತ್ತದೆ. ಎಲೆಗಳಲ್ಲಿ ಈ ಕಿಣ್ವ ಚುರುಕು, ಅದಕ್ಕೇ ಸೊಪ್ಪಿನಲ್ಲಿ ಆಲ್ಫಾ. ಎಷ್ಟೋ ಬೀಜಗಳಲ್ಲಿ ಮಂದ, ಅದಕ್ಕೇ ಗಾಮಾ. 1998ರಲ್ಲಿ ಶಿಂಟಾನಿ ಮತ್ತು ಡೆಲ್ಲಾಪೆನ್ನಾ ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಗಿಡದ ಬೀಜದಲ್ಲಿ ಈ ಕಿಣ್ವವನ್ನು ಹೆಚ್ಚಿಸಿದರು. ಬೀಜದ ಗಾಮಾ ಹೆಚ್ಚುಕಡಿಮೆ ಪೂರ್ತಿ ಆಲ್ಫಾ ಆಯಿತು.

ಲೇಬಲ್ ಮೇಲೆ ‘ನೈಸರ್ಗಿಕ ಡಿ-ಆಲ್ಫಾ’ ಅಂತಿದ್ರೆ ಅದು ನೇರ ಗಿಡದಿಂದ ಬಂದಿದ್ದಾ?

ಅರ್ಧ ನಿಜ. ಸೋಯಾ ಎಣ್ಣೆ ರಿಫೈನ್ ಮಾಡುವಾಗ ಹಬೆಯ ಜೊತೆ ಹೊರಬರುವ ಭಾಗದಿಂದ ಟೊಕೊಫೆರಾಲ್ ತೆಗೆಯುತ್ತಾರೆ. ಅದರಲ್ಲಿ ಆಲ್ಫಾ ಕಡಿಮೆ, ಗಾಮಾ ಮತ್ತು ಡೆಲ್ಟಾ ಜಾಸ್ತಿ. ಮಾರುಕಟ್ಟೆಗೆ ಬೇಕಿರುವುದು ಆಲ್ಫಾ. ಹಾಗಾಗಿ ಫಾರ್ಮಾಲ್ಡಿಹೈಡ್‌ನಂಥದ್ದನ್ನು ಬಳಸಿ ಖಾಲಿ ಜಾಗಕ್ಕೆ ಇಂಗಾಲ ಸೇರಿಸುತ್ತಾರೆ, ಆಮೇಲೆ ಜಲಜನಕ ಹಾಯಿಸಿ ಅದನ್ನು ಮಿಥೈಲ್ ಮಾಡುತ್ತಾರೆ. ಬಾಲದ ತಿರುವು, ಅಂದರೆ ಅದರ ಗುಂಪುಗಳು ಎಡಕ್ಕೋ ಬಲಕ್ಕೋ ಜೋಡಿಕೊಂಡಿರುವ ರೀತಿ, ಗಿಡ ಕೊಟ್ಟಂತೆಯೇ ಉಳಿಯುತ್ತದೆ, ಅದಕ್ಕೇ ‘ಡಿ’. ಪೂರ್ತಿ ಕಾರ್ಖಾನೆಯಲ್ಲಿ ಕಟ್ಟಿದ ‘ಡಿಎಲ್’ ಆಲ್ಫಾದಲ್ಲಿ ಎಂಟು ಬೇರೆ ಬೇರೆ ತಿರುವಿನ ಅಣುಗಳು ಬೆರೆತಿರುತ್ತವೆ. ಲೇಬಲ್ ನೋಡಿದರೆ ಗಾಮಾವನ್ನು ಬದಲಿಸಿದ ಕಥೆ ಗೊತ್ತಾಗುವುದೇ ಇಲ್ಲ. ಅದನ್ನೂ ಬರೆಯಬೇಕಿತ್ತು ಅಂತ ನನಗನಿಸುತ್ತದೆ.

ಎಚ್‌ಪಿಎಲ್‌ಸಿಯಲ್ಲಿ ಬೀಟಾ, ಗಾಮಾ ಒಂದೇ ಪೀಕ್ ಆಗಿ ಬರ್ತಿವೆ. ಏನು ಮಾಡೋದು?

ಎಚ್‌ಪಿಎಲ್‌ಸಿ ಅಂದರೆ ಮಿಶ್ರಣವನ್ನು ಕಾಲಂ ಅನ್ನುವ ಕೊಳವೆಯ ಮೂಲಕ ಹರಿಸಿ ಅಣುಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ. ಒಂದೊಂದು ಅಣುವೂ ಗ್ರಾಫಿನಲ್ಲಿ ಒಂದೊಂದು ಏರಾಗಿ (ಪೀಕ್) ಕಾಣಬೇಕು. ನೀವು ಸಿ18 ಕಾಲಂ, ಅಂದರೆ ಒಳಗೆ ಇಂಗಾಲದ ಉದ್ದ ಸರಪಳಿ ಅಂಟಿಸಿದ ಕಾಲಂ ಬಳಸುತ್ತಿದ್ದೀರಿ ಅನಿಸುತ್ತದೆ. ಬೀಟಾ ಮತ್ತು ಗಾಮಾ ಎರಡಕ್ಕೂ ಎರಡೆರಡು ಮಿಥೈಲ್, ತೂಕವೂ ಒಂದೇ. ಸಿ18 ಬೇರ್ಪಡಿಸುವುದು ಅಣು ಎಷ್ಟು ಎಣ್ಣೆಗುಣದ್ದು ಅನ್ನುವುದರ ಮೇಲೆ. ಇವೆರಡರ ನಡುವೆ ಅದಕ್ಕೆ ವ್ಯತ್ಯಾಸ ಕಾಣುವುದಿಲ್ಲ. ಸಿಲಿಕಾ ಕಾಲಂಗೆ ಬದಲಾಯಿಸಿ, ಹೆಕ್ಸೇನ್‌ಗೆ ಸ್ವಲ್ಪ ಐಸೊಪ್ರೊಪನಾಲ್ ಅಥವಾ ಡೈಆಕ್ಸೇನ್ ಸೇರಿಸಿ ಹರಿಸಿ. ಮಿಥೈಲ್ ಎಲ್ಲಿದೆ ಅನ್ನುವುದರ ಮೇಲೆ ಹೈಡ್ರಾಕ್ಸಿಲ್ ಸಿಲಿಕಾಗೆ ಅಂಟುವ ಬಿಗಿ ಬದಲಾಗುತ್ತದೆ. ಆಲ್ಫಾ ಮೊದಲು, ಆಮೇಲೆ ಬೀಟಾ, ಗಾಮಾ, ಕೊನೆಗೆ ಡೆಲ್ಟಾ ಬರುತ್ತವೆ. ಹೆಕ್ಸೇನ್ ಬೇಡ ಅಂದರೆ ಪೆಂಟಾಫ್ಲೋರೋಫಿನೈಲ್ ಕಾಲಂ ಆಗುತ್ತದೆ.

ಗುರುತಿಸಲು ಫ್ಲೋರೆಸೆನ್ಸ್ ಡಿಟೆಕ್ಟರ್ ಒಳ್ಳೆಯದು: 295 ನ್ಯಾನೋಮೀಟರ್ ಕೊಟ್ಟು 330ರ ಹತ್ತಿರ ಅಳೆಯಿರಿ. ಅಣು ಮತ್ತು ಅದರ ಚೂರುಗಳ ತೂಕ ತೋರಿಸುವ ಮಾಸ್ ಸ್ಪೆಕ್ಟ್ರಂನಲ್ಲಿ ಗಾಮಾ 416 ಮತ್ತು 151ರಲ್ಲಿ ಕಾಣುತ್ತದೆ, ಆಲ್ಫಾ 430 ಮತ್ತು 165ರಲ್ಲಿ. ಆದರೆ ಬೀಟಾವೂ 416 ಮತ್ತು 151ನ್ನೇ ಕೊಡುತ್ತದೆ, ಹಾಗಾಗಿ ಮಾಸ್ ನಂಬಿ ಕಾಲಂ ಕೆಲಸ ಬಿಡುವಂತಿಲ್ಲ. ಇನ್ನೂ ಒಂದು: ಮಾದರಿಯನ್ನು ಕ್ಷಾರ ಹಾಕಿ ಕಾಯಿಸುವ ಮೊದಲು ಆಸ್ಕಾರ್ಬಿಕ್ ಆಮ್ಲ ಅಥವಾ ಪೈರೋಗ್ಯಾಲಾಲ್ ಸೇರಿಸಿ. ಇಲ್ಲದಿದ್ದರೆ ಕಾಲಂ ತಲುಪುವ ಮೊದಲೇ ಟೊಕೊಫೆರಾಲ್ ಗಾಳಿಗೆ ಹಾಳಾಗಿ, ಎಳ್ಳೆಣ್ಣೆಯಲ್ಲೂ ಗಾಮಾ ಕಡಿಮೆ ಅಂತ ತಪ್ಪು ಅಂಕಿ ಬರುತ್ತದೆ.